ಕಿಟ್ಟೆಲ್ ನಿಘಂಟು ಕೊಂಡೆ, ಮೊದಲು ಹುಡುಕಿದ್ದು ‘ಎಂಜಲು’

ಮೈಸೂರಿನ ದೇವರಾಜ ಅರಸು ರಸ್ತೆಯಿಂದ ಒಳಗೆ ಹೋಗುವ ಒಂದು ಗಲ್ಲಿಯಲ್ಲಿ ಹಳೇ ಪುಸ್ತಕದ ಅಂಗಡಿ ಇದೆ. ಅಲ್ಲಿ ಕಿಟ್ಟೆಲ್ ನಿಘಂಟಿನ ಮರುಮುದ್ರಣದ ಒಂದು ಪ್ರತಿ ಸಿಕ್ಕಿತು. ಬೆರಳನ್ನು ನಾಲಿಗೆಗೆ ತಾಗಿಸಿ ಪುಟ ತಿರುವುವುದು ನನಗೆ ಚಿಕ್ಕಂದಿನ ಅಭ್ಯಾಸ. ಅಂಗಡಿಯವರು ನೋಡಿ, "ಸಾರ್, ಎಂಜಲು ಹಚ್ಚಬೇಡಿ, ಹಾಳೆ ತುಂಬ ತೆಳು" ಎಂದರು. ಅವರು ಹೇಳಿದ್ದು ಸರಿ. ಬೆರಳು ಒರೆಸಿಕೊಂಡೆ, ಹಾಗಾದರೆ ಆ ಪದವನ್ನೇ ನೋಡೋಣ ಅಂತ ‘ಎ’ ಅಕ್ಷರಕ್ಕೆ ಹೋದೆ. ಅರ್ಧ ಗಂಟೆ ಅಲ್ಲೇ ನಿಂತು ಓದಿದೆ, ಆಮೇಲೆ 900 ರೂಪಾಯಿ ಕೊಟ್ಟು ತಂದೆ. ಮೂರು ತಿಂಗಳಿಂದ ದಿನಾ ತೆರೆಯುತ್ತಿದ್ದೇನೆ, ಅದಕ್ಕೇ ಈಗ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ: ಫರ್ಡಿನಾಂಡ್ ಕಿಟ್ಟೆಲ್ ಜರ್ಮನಿಯವರು, ಬಾಸೆಲ್ ಮಿಷನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯ ಕಡೆಯಿಂದ ಇಲ್ಲಿಗೆ ಬಂದವರು. ಈ ನಿಘಂಟು ಅಚ್ಚಾದದ್ದು 1894ರಲ್ಲಿ, ಮಂಗಳೂರಿನಲ್ಲಿ. ಸುಮಾರು 70,000 ಪದಗಳಿವೆ, ಅರ್ಥ ಇಂಗ್ಲಿಷಿನಲ್ಲಿದೆ. ಬರೀ ಅರ್ಥ ಸಾಕು ಅನ್ನುವವರು ಇದನ್ನು ಕೊಳ್ಳಬೇಕಾಗಿಲ್ಲ, ಫೋನಿನಲ್ಲೇ ಬೇಕಾದಷ್ಟು ಸಿಗುತ್ತದೆ. ಈ ಪುಸ್ತಕದ ಬೆಲೆ ಇರುವುದು ಪದದ ಪಕ್ಕದಲ್ಲಿ ಕೂರಿಸಿರುವ ನೆಂಟರಲ್ಲಿ. ತಮಿಳಿನಲ್ಲಿ ಏನಂತಾರೆ, ತೆಲುಗಿನಲ್ಲಿ ಏನು, ಮಲಯಾಳ, ತುಳುವಿನಲ್ಲಿ ಏನು ಅಂತ ಜೊತೆಜೊತೆಗೇ ತೋರಿಸುವುದು ಕಿಟ್ಟೆಲ್ ಅವರ ಪದ್ಧತಿ.

ನಮ್ಮ ಎಂಜಲಿಗೆ ತಮಿಳು, ಮಲಯಾಳದಲ್ಲಿ ‘ಎಚ್ಚಿಲ್’ ಇದೆ, ತೆಲುಗಿನಲ್ಲಿ ‘ಎಂಗಿಲಿ’. ಮನೆ ಬೇರೆಯಾದ ಅಣ್ಣತಮ್ಮಂದಿರ ಹಾಗೆ ಮುಖದಲ್ಲೇ ಹೋಲಿಕೆ ಕಾಣುತ್ತದೆ ಅಲ್ವಾ? ಈ ನೆಂಟಸ್ತಿಕೆಯ ಬೇರು ಎಲ್ಲಿದೆ ಅಂತ ತಿಳಿಯಲು ಮಾತ್ರ ಟಿ. ಬರೋ ಮತ್ತು ಎಂ. ಬಿ. ಎಮೆನೋ ಎಂಬ ಭಾಷಾ ವಿದ್ವಾಂಸರು 1961ರಲ್ಲಿ ಹೊರತಂದ ದ್ರಾವಿಡ ಪದಮೂಲ ಕೋಶಕ್ಕೆ ಹೋದೆ. 1984ರ ಎರಡನೇ ಆವೃತ್ತಿಯನ್ನು ಶಿಕಾಗೋ ವಿಶ್ವವಿದ್ಯಾಲಯದವರು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆಯಾಗಿ ಇಟ್ಟಿದ್ದಾರೆ. ಅಲ್ಲಿ ಈ ಪದಗಳೆಲ್ಲ ತಮಿಳಿನ ‘ಎಂಜು’ ಎಂಬ ಕ್ರಿಯಾಪದದ ಜೊತೆ ಒಂದೇ ಗುಂಪಿನಲ್ಲಿವೆ. ಎಂಜು ಅಂದರೆ ಉಳಿ, ಮಿಕ್ಕು. ‘ಎಚ್ಚಂ’ ಅಂದರೆ ಉಳಿಕೆ. ಹಕ್ಕಿ ಹಿಕ್ಕೆಗೂ ತಮಿಳರು ಅದೇ ಎಚ್ಚಂ ಅನ್ನುತ್ತಾರೆ, ವ್ಯಾಕರಣದಲ್ಲಿ ಪೂರ್ತಿಯಾಗದೆ ಉಳಿದ ಕ್ರಿಯಾಪದಕ್ಕೂ ಅದೇ ಹೆಸರು.

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ನಾನು ಇಷ್ಟು ವರ್ಷ ಎಂಜಲು ಅಂದರೆ ಬಾಯಿಯ ನೀರು, ಅದು ತಾಗಿದ್ದೆಲ್ಲ ಕೊಳೆ ಅಂದುಕೊಂಡಿದ್ದೆ. ಮೂಲದಲ್ಲಿ ಕೊಳೆಯೂ ಇಲ್ಲ, ನೀರೂ ಇಲ್ಲ. ಬರೀ ಉಳಿದದ್ದು. ಉಂಡು ಉಳಿದದ್ದಕ್ಕೆ ಇದ್ದ ಹೆಸರು ಬಾಯಿ ತಾಗಿದ್ದಕ್ಕೆ ಬಂತು, ಅಲ್ಲಿಂದ ಬಾಯಿಯ ನೀರಿಗೇ ಬಂತು. ಹಾಗೆ ನೋಡಿದರೆ ‘ಎಂಜಲು ಕಾಸು’ ಎಂಬ ಮಾತೂ ಸರಿಯಾಗಿ ಅರ್ಥವಾಗುತ್ತದೆ. ಲಂಚದ ಚಿಲ್ಲರೆಗೆ ಯಾರ ಬಾಯಿಯೂ ತಾಗಿರುವುದಿಲ್ಲ, ಅದು ಇನ್ನೊಬ್ಬರು ತಿಂದು ಬಿಟ್ಟ ಉಳಿಕೆ ಅಷ್ಟೆ. ಜಿಪುಣನನ್ನು ‘ಎಂಜಲು ಕೈಯಲ್ಲಿ ಕಾಗೆ ಓಡಿಸದವನು’ ಅನ್ನುತ್ತೇವಲ್ಲ, ಅಲ್ಲೂ ಅಷ್ಟೇ, ಕೈಗೆ ಅಂಟಿ ಉಳಿದ ಒಂದು ಅಗುಳು ಉದುರೀತು ಅನ್ನುವ ಭಯ ಅವನಿಗೆ.

ಬಾಯಿಯಲ್ಲಿರುವ ನೀರು ಒಂದೇ, ನಮ್ಮಲ್ಲಿ ಹೆಸರು ಮಾತ್ರ ಅದು ಏನು ಮಾಡಿತು ಅನ್ನುವುದರ ಮೇಲೆ. ತಾನಾಗಿ ಇಳಿದರೆ ಜೊಲ್ಲು. ನಾವು ಹೊರಗೆ ಹಾಕಿದರೆ ಉಗುಳು. ಇನ್ನೊಂದಕ್ಕೆ ತಾಗಿದರೆ ಎಂಜಲು. ಶಾಲೆಯ ವಿಜ್ಞಾನದ ಪಾಠದಲ್ಲಿ ಲಾಲಾರಸ.

ಮಂಡ್ಯದ ಹತ್ತಿರದ ಊರಲ್ಲಿ ನಮ್ಮಜ್ಜಿ ಹಿತ್ತಾಳೆ ಚೊಂಬಿನಲ್ಲಿ ನೀರು ಕೊಟ್ಟು, "ಎಂಜ್ಲು ಮಾಡ್ಬ್ಯಾಡ ಕಣ್ ಮಗ, ಎತ್ಕೊಂಡ್ ಕುಡಿ" ಅನ್ನುತ್ತಿದ್ದರು. ತುಟಿ ತಾಗಿದರೆ ಚೊಂಬನ್ನು ಹುಣಸೆಹಣ್ಣು ಹಾಕಿ ಉಜ್ಜಿಸುತ್ತಿದ್ದರು. ಆದರೆ ನಾವು ಮಕ್ಕಳು ಅದಕ್ಕೂ ದಾರಿ ಕಂಡುಕೊಂಡಿದ್ದೆವು. ಒಂದು ಅಚ್ಚು ಬೆಲ್ಲ, ಇಬ್ಬರು ಹುಡುಗರು. ಬೆಲ್ಲವನ್ನು ಅಂಗಿಯ ಅಂಚಿನಲ್ಲಿ ಸುತ್ತಿ, ಬಟ್ಟೆಯ ಮೇಲಿಂದ ಹಲ್ಲು ಊರಿ ಕಟಕ್ ಅಂತ ಕಚ್ಚುವುದು. ಅಂಗಿಯ ಮೇಲೆ ಒದ್ದೆಯಾದ ಹಲ್ಲಿನ ಗುರುತು, ಒಳಗೆ ಒಡೆದ ಎರಡು ಚೂರು. ಅದು ಕಾಗೆ ಎಂಜಲು, ಅಂದರೆ ಎಂಜಲೇ ಅಲ್ಲ. ಅದೇ ಅಜ್ಜಿ ನಾನು ತಟ್ಟೆಯಲ್ಲಿ ಬಿಟ್ಟ ಮುದ್ದೆಯ ಚೂರನ್ನು ಸಾರಿನಲ್ಲಿ ಅದ್ದಿ ತಾನೇ ತಿನ್ನುತ್ತಿದ್ದರು. ಆಗ ಅವರ ಬಾಯಲ್ಲಿ ಆ ಪದ ಬರಲೇ ಇಲ್ಲ.

ಈ ಪದಕ್ಕೆ ಇನ್ನೊಂದು ಮುಖವೂ ಇದೆ. ಯಾರು ಉಂಡ ಎಲೆಯನ್ನು ಯಾರು ಎತ್ತಬೇಕು, ಯಾರಿಗೆ ಮಿಕ್ಕ ಅನ್ನ ಹಾಕಿ ದಾನ ಅನ್ನಬೇಕು ಅಂತ ಜಾತಿ ಲೆಕ್ಕ ಹಾಕಿದ್ದು ಇದೇ ಪದವನ್ನು ಹಿಡಿದು. ಆ ನೋವು ಅರ್ಥದ ಸಾಲಿನಲ್ಲಿ ಹಿಡಿಯುವಂಥದ್ದಲ್ಲ. ಓದುವಾಗ ನಾವೇ ನೆನಪಿಟ್ಟುಕೊಳ್ಳಬೇಕು.

ಸಂಸ್ಕೃತದವರೂ ಇದೇ ದಾರಿಯಲ್ಲಿ ಬಂದಿದ್ದಾರೆ ಅನ್ನುವುದು ನನಗೆ ತುಂಬ ಖುಷಿ ಕೊಟ್ಟ ವಿಷಯ. ‘ಉಚ್ಛಿಷ್ಟ’ದಲ್ಲಿ ಇರುವುದು ‘ಶೇಷ’ದಲ್ಲಿರುವ ಧಾತುವೇ, ಅರ್ಥ ಅದೇ, ಉಳಿದದ್ದು. ಬೇರೆ ಬೇರೆ ಕುಲದ ಎರಡು ಭಾಷೆ, ಯೋಚನೆ ಒಂದೇ. ಅಥರ್ವವೇದದಲ್ಲಿ ಉಚ್ಛಿಷ್ಟವನ್ನು ಹೊಗಳುವ ಒಂದು ಇಡೀ ಸೂಕ್ತ ಇದೆ. ಅಷ್ಟು ದೂರ ಹೋಗುವುದೂ ಬೇಡ, ನಂಜನಗೂಡಿನ ಶ್ರೀಕಂಠೇಶ್ವರ ದೇವಸ್ಥಾನಕ್ಕೆ ಹೋದವರು 32 ಗಣಪತಿಗಳ ಸಾಲು ನೋಡಿರುತ್ತೀರಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಶ್ರೀತತ್ತ್ವನಿಧಿ ಎಂಬ ಗ್ರಂಥದಲ್ಲಿ ಹೇಳಿರುವ ಆ 32 ರೂಪಗಳಲ್ಲಿ ಒಂದು ಉಚ್ಛಿಷ್ಟ ಗಣಪತಿ. ನಾನು ಎಷ್ಟೋ ಸಲ ಅಲ್ಲಿ ಕೈಮುಗಿದಿದ್ದೇನೆ, ಹೆಸರಿನ ಬಗ್ಗೆ ಯೋಚಿಸಿದ್ದು ಈ ಪುಸ್ತಕ ತಂದ ಮೇಲೆ.

ಇನ್ನು ಕೊರತೆಗಳು. ಪದದ ಜೊತೆ ಬರುವ ವಿವರಣೆ ಚುಟುಕು ಇಂಗ್ಲಿಷಿನಲ್ಲಿದೆ, ಮೊದಲ ವಾರ ಕಷ್ಟವಾಗುತ್ತದೆ. ಭಾಷೆಗಳ ಹೆಸರನ್ನು ಒಂದೆರಡು ಅಕ್ಷರದಲ್ಲಿ ಮುಗಿಸಿರುತ್ತಾರೆ, ಪುಸ್ತಕದ ಮೊದಲ ಪುಟಗಳಲ್ಲಿರುವ ಸಂಕೇತಗಳ ಪಟ್ಟಿಯನ್ನು ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. 1894ರ ನಂತರ ಬಂದ ಪದ ಇದರಲ್ಲಿ ಹುಡುಕಬೇಡಿ. ಯಾವ ಕವಿ ಯಾವ ಪದವನ್ನು ಹೇಗೆ ಬಳಸಿದ ಅಂತ ಉದಾಹರಣೆ ಸಮೇತ ಬೇಕಾದರೆ ಸಾಹಿತ್ಯ ಪರಿಷತ್ತಿನ 8 ಸಂಪುಟಗಳೇ ಬೇಕು, ನಮ್ಮ ಗಂಜಾಂ ಮನೆತನದ ಜಿ. ವೆಂಕಟಸುಬ್ಬಯ್ಯನವರು ದುಡಿದ ನಿಘಂಟು ಅದು. ನನಗೆ ಸಿಕ್ಕ ಪ್ರತಿಯಲ್ಲಿ ಅಚ್ಚೂ ಅಷ್ಟು ಚೆನ್ನಾಗಿಲ್ಲ. ಹಳೆಯ ಪುಟವನ್ನು ಫೋಟೋ ಹಿಡಿದು ಅಚ್ಚು ಹಾಕಿದ್ದಾರೆ, ಅನುಸ್ವಾರದ ಸೊನ್ನೆ ಕೆಲವು ಕಡೆ ಮಸಿಯಲ್ಲಿ ಮುಚ್ಚಿಹೋಗಿದೆ. ಎರಡನೇ ತಿಂಗಳಿಗೇ ಬೆನ್ನು ಬಿಟ್ಟುಕೊಂಡಿತು, ಬೈಂಡ್ ಮಾಡಿಸಲು ಮತ್ತೆ 250 ರೂಪಾಯಿ ಆಯಿತು.

ಆದರೂ ಕೊಳ್ಳಿ ಅಂತಲೇ ಹೇಳುತ್ತೇನೆ. ಅಂಗಡಿಯಲ್ಲೇ ನಡುವಿನ ಒಂದು ಪುಟ ಬಿಡಿಸಿ, ಒತ್ತಕ್ಷರ ಓದಲು ಬರುತ್ತದಾ ನೋಡಿ, ಬರದಿದ್ದರೆ ಬೇರೆ ಪ್ರತಿ ಕೇಳಿ. ನಾನು ಈಗ ಮೇಜಿನ ಮೇಲೆ ಬ್ಯಾಂಕಿನ ಕ್ಯಾಷಿಯರ್ ಇಟ್ಟುಕೊಳ್ಳುವಂಥ ನೀರಿನ ಸ್ಪಂಜಿನ ಡಬ್ಬಿ ಇಟ್ಟಿದ್ದೇನೆ, 40 ರೂಪಾಯಿ. ಬೆರಳಿನ ತುದಿ ಮಾತ್ರ ಒತ್ತಿ, ಜಾಸ್ತಿ ಒದ್ದೆಯಾದರೆ ಹಾಳೆ ಸುಕ್ಕಾಗುತ್ತದೆ.