ಪ್ರೀತಿಗೆ ನೂರು ಡಿಗ್ರಿ: ಚುನಾವಣಾ ಸಮೀಕ್ಷೆಯ ಕಡತದೊಂದಿಗೆ ನಾಲ್ಕು ವರ್ಷ

ಉಡುಪಿಯಲ್ಲಿ ಪದವಿ ಮಕ್ಕಳಿಗೆ ರಾಜ್ಯಶಾಸ್ತ್ರ ಪಾಠ ಮಾಡುವ ನಾನು ಅಮೆರಿಕದ ಮತದಾರರ ಬೆನ್ನು ಹತ್ತಿದ್ದಕ್ಕೆ ಮೊದಲ ಕಾರಣ, ಅದು ಬಿಟ್ಟಿ ಸಿಗುತ್ತದೆ ಎನ್ನುವುದು. ಹೆಸರು ನೋಂದಾಯಿಸಿದರೆ ಸಾಕು, 1948ರಿಂದ ನಡೆದುಬಂದ ‘ಅಮೆರಿಕನ್ ನ್ಯಾಷನಲ್ ಎಲೆಕ್ಷನ್ ಸ್ಟಡೀಸ್’ ಎಂಬ ಮತದಾರರ ಸಮೀಕ್ಷೆಯ ದತ್ತಾಂಶ ನಮ್ಮ ಕಂಪ್ಯೂಟರಿಗೆ ಇಳಿಯುತ್ತದೆ. ವರ್ಷದ ಅನುದಾನದಲ್ಲಿ ಬೋರ್ಡಿನ ಪೆನ್ನು ಕೊಂಡ ಮೇಲೆ ಉಳಿಯುವುದೇನೂ ಇಲ್ಲದ ವಿಭಾಗಕ್ಕೆ ಇದು ಸಣ್ಣ ಮಾತಲ್ಲ.

ನಾನು ಬಳಸುವುದು 2020ರ ಕಡತ. ಅದರ ಕೋಡ್‌ಬುಕ್‌ನಲ್ಲಿ, ಅಂದರೆ ಪ್ರಶ್ನೆಗಳನ್ನೂ ಉತ್ತರಗಳ ಸಂಕೇತಗಳನ್ನೂ ವಿವರಿಸುವ ಕೈಪಿಡಿಯಲ್ಲಿ, ನನಗೆ ಬೇಕಾದ ಪುಟಗಳನ್ನಷ್ಟೇ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ಬೈಂಡ್ ಮಾಡಿಸಿಕೊಂಡಿದ್ದೇನೆ. ಸುರತ್ಕಲ್‌ನಲ್ಲಿ ಬಸ್ ಹತ್ತಿ ಕಿಟಕಿ ಪಕ್ಕ ಸೀಟು ಸಿಕ್ಕರೆ ಒಂದು ಪ್ರಶ್ನೆ ತೆರೆಯುತ್ತೇನೆ. ಮೂಲ್ಕಿ ದಾಟುವಷ್ಟರಲ್ಲಿ ಓದಿ, ಪಡುಬಿದ್ರಿಯ ಹೊತ್ತಿಗೆ ಕನ್ನಡಕ್ಕೆ ತಂದು, ಕಾಪು ಬರುವಾಗ ಅನುವಾದ ಕೆಟ್ಟಿದೆ ಎಂದು ಗೊತ್ತಾಗಿ, ಕಟಪಾಡಿಯಲ್ಲಿ ಪೆನ್ಸಿಲಿನಿಂದ ಹೊಡೆದು ಹಾಕುತ್ತೇನೆ. ದಿನಕ್ಕೊಂದೇ ಪ್ರಶ್ನೆ. ಈ ಕಡತದಿಂದ ನನಗೆ ಸಿಕ್ಕ ಸುಖದಲ್ಲಿ ಮುಕ್ಕಾಲು ಪಾಲು ಈ ಬಸ್ಸಿನಲ್ಲೇ ಸಿಕ್ಕಿದ್ದು.

ಹಾಗೆ ಹೊಡೆದು ಹಾಕಿದ ಪ್ರಶ್ನೆಗಳಲ್ಲಿ ಒಂದು ಮಾತ್ರ ಇನ್ನೂ ಕಾಡುತ್ತಿದೆ. ‘ಭಾವನೆಯ ಥರ್ಮಾಮೀಟರ್’ ಎಂದು ಅದರ ಹೆಸರು. ಒಬ್ಬ ನಾಯಕನ ಬಗ್ಗೆ ನಿಮ್ಮ ಭಾವನೆ ಎಷ್ಟು ಬಿಸಿ? ಇಷ್ಟವಿದ್ದರೆ 50ರಿಂದ 100 ಡಿಗ್ರಿ, ಇಲ್ಲದಿದ್ದರೆ 50ಕ್ಕಿಂತ ಕೆಳಗೆ, ಅತ್ತಲೂ ಅಲ್ಲ ಇತ್ತಲೂ ಅಲ್ಲ ಎಂದರೆ ಸರಿಯಾಗಿ 50. ಬಹಳ ಸಲೀಸು ಎಂದುಕೊಂಡು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಫ್ಯಾನಿನ ಕೆಳಗೂ ಬೆವರು ಇಳಿಯುತ್ತಿದ್ದ ತರಗತಿಯಲ್ಲಿ ಚೀಟಿ ಹಂಚಿದೆ. ತನಗೆ ಪ್ರಾಣವಾದ ನಾಯಕನಿಗೆ ಒಬ್ಬ ಹುಡುಗ 20 ಡಿಗ್ರಿ ಕೊಟ್ಟಿದ್ದ. ಯಾಕೆಂದು ಕೇಳಿದರೆ, ‘ಸರ್, ಅವರನ್ನು ನೋಡಿದರೆ ಮನಸ್ಸು ತಂಪಾಗುತ್ತದೆ’ ಎಂದ.

ತಪ್ಪು ಅವನದಲ್ಲ. ಹಿಮ ಬೀಳುವ ಊರಿನವರಿಗೆ ಬಿಸಿ ಎಂದರೆ ಪ್ರೀತಿ ಇರಬಹುದು. ಹೊಟ್ಟೆ ತಣ್ಣಗಿರಲಿ ಎಂದು ಹರಸುವವರು ನಾವು. ನಮ್ಮಲ್ಲಿ ಮಾತು ಬಿಸಿಯಾಯಿತು ಎಂದರೆ ಜಗಳ ಶುರುವಾಯಿತು ಎಂದರ್ಥ.

ಸರಿ, ಮಾರ್ಕು ಕೊಡಿ, ನೂರಕ್ಕೆ ಎಷ್ಟು ಎಂದೆ. ಅಲ್ಲಿಯೂ ಸೋತೆ. ಎಸ್ಸೆಸ್ಸೆಲ್ಸಿಯಿಂದ ತಲೆಯಲ್ಲಿ ಕೂತಿರುವ 35 ಎದ್ದು ಬಂತು. ನಾಯಕರನ್ನು ಇಷ್ಟಪಡದವರು 34 ಕೊಟ್ಟು ಫೇಲು ಮಾಡಿದರು, ಕನಿಕರವಿದ್ದವರು 35 ಕೊಟ್ಟು ಪಾಸು ಮಾಡಿದರು. 50ರ ತಟಸ್ಥತೆ ಯಾರಿಗೂ ಬೇಕಿರಲಿಲ್ಲ. ಆದರೆ ಅಂದೇ ಸಂಜೆ ಅಮೆರಿಕದವರ ಉತ್ತರಗಳನ್ನು ಎಣಿಸಿ ನೋಡಿದಾಗ ಸಿಟ್ಟು ಇಳಿಯಿತು. ಅವರೂ ಅಷ್ಟೇ! ಉತ್ತರಗಳೆಲ್ಲ 0, 15, 50, 85, 100ರ ಸುತ್ತ ಗುಂಪುಗಟ್ಟಿವೆ, ಏಕೆಂದರೆ ತೋರಿಸುವ ಚೀಟಿಯಲ್ಲಿ ಅಂಥ ಕೆಲವು ಡಿಗ್ರಿಗಳ ಎದುರು ಮಾತ್ರ ವಿವರಣೆ ಅಚ್ಚಾಗಿದೆ. 63 ಡಿಗ್ರಿ ಪ್ರೀತಿ ಅಲ್ಲಿಯೂ ಅಪರೂಪ.

ಹೊಸಬರಿಗೆ ಒಂದು ಎಚ್ಚರಿಕೆ, ನಾನು ಮುಖಭಂಗ ಮಾಡಿಕೊಂಡು ಕಲಿತದ್ದು. ಥರ್ಮಾಮೀಟರ್ ಪ್ರಶ್ನೆಗಳಲ್ಲಿ 998 ಎಂದರೆ ‘ಗೊತ್ತಿಲ್ಲ’, 999 ಎಂದರೆ ‘ಇವರು ಯಾರೆಂದೇ ಗೊತ್ತಿಲ್ಲ’. ಕೋಡ್‌ಬುಕ್‌ನಲ್ಲಿ ಸ್ಪಷ್ಟವಾಗಿಯೇ ಬರೆದಿದೆ, ಆ ಪುಟ ಮುದ್ರಿಸಿಕೊಳ್ಳದೆ ಹಣ ಉಳಿಸಿದವನು ನಾನು. ಅವನ್ನು ತೆಗೆಯದೆ ಸರಾಸರಿ ಹಾಕಿಸಿದಾಗ, ಯಾರಿಗೂ ಪರಿಚಯವಿಲ್ಲದ ನಾಯಕರೇ ಎಲ್ಲರಿಗಿಂತ ಹೆಚ್ಚು ಜನಪ್ರಿಯರಾದರು.

ನನ್ನ ಉತ್ಸಾಹ ಕುಂದುವುದು ಪ್ರತಿ ವರ್ಷ ಒಂದೇ ಜಾಗದಲ್ಲಿ. ‘ಸರ್, ಇದರಲ್ಲಿ ನಮ್ಮ ಊರಿನದು ಇಲ್ಲವೇ?’ ದೇಶಕ್ಕೆ ದೇಶವೇ ಸೇರಿ 2020ರ ಚುನಾವಣಾಪೂರ್ವ ಸುತ್ತಿನಲ್ಲಿ ಮಾತಾಡಿಸಿದ್ದು 8,280 ಮಂದಿಯನ್ನು. ಅದನ್ನು ಅವರದೇ ರಾಜ್ಯಗಳಿಗೆ ಹಂಚಿದರೆ ಸಣ್ಣ ರಾಜ್ಯಗಳಿಗೆ ಬೆರಳೆಣಿಕೆಯಷ್ಟು ಸಿಗುತ್ತದೆ. ನಮ್ಮ ದೇಶದಲ್ಲಿ 1967ರಷ್ಟು ಹಿಂದೆಯೇ ಇಂಥ ಸಮೀಕ್ಷೆ ಶುರುವಾಗಿದೆ, ಆದರೆ ರಾಷ್ಟ್ರಕ್ಕಾಗಿ ಆರಿಸಿದ ಮಾದರಿಯಿಂದ ಕುಂದಾಪುರದ ಮನಸ್ಸು ತಿಳಿಯುವುದಿಲ್ಲ. ಹಾಗೆಂದು ಮತಗಟ್ಟೆವಾರು ಫಲಿತಾಂಶ ತೆರೆದರೆ ಮಲ್ಪೆಯ ಬೂತಿನಲ್ಲಿ ಯಾವ ಪಕ್ಷಕ್ಕೆ ಎಷ್ಟು ಬಿತ್ತು ಎನ್ನುವುದು ಸಿಗುತ್ತದೆ, ಯಾರು ಹಾಕಿದರು ಎನ್ನುವುದಿಲ್ಲ. ಇದನ್ನು ವಿವರಿಸುವಾಗ ಹಿಂದಿನ ಬೆಂಚು ಮೊಬೈಲಿಗೆ ಮರಳಿರುತ್ತದೆ.

ಅವರನ್ನು ಮತ್ತೆ ಎಳೆದು ತರುವುದು ಸುಳ್ಳಿನ ಪಾಠ. ಅಮೆರಿಕದಲ್ಲಿ 2020ರಲ್ಲಿ ಅರ್ಹರ ಪೈಕಿ ನಿಜವಾಗಿ ಮತ ಹಾಕಿದವರು ಸುಮಾರು ಶೇ 66. ಸಮೀಕ್ಷೆಯಲ್ಲಿ ‘ಹಾಕಿದೆ’ ಎಂದವರ ಪಾಲು ಅದಕ್ಕಿಂತ ಎಷ್ಟೋ ಮೇಲೆ. ಮತ ಹಾಕುವವರೇ ಸಮೀಕ್ಷೆಗೂ ಸುಲಭವಾಗಿ ಒಪ್ಪುತ್ತಾರೆ ಎನ್ನುವುದು ಒಂದು ಕಾರಣ, ಮರ್ಯಾದೆಗೆ ಹೇಳುವ ಸುಳ್ಳು ಇನ್ನೊಂದು. 1980ರ ದಶಕದಲ್ಲಿ ಕೆಲವು ಸಲ ಮತದಾನದ ದಾಖಲೆಗಳೊಂದಿಗೆ ತಾಳೆ ಹಾಕಿ ಹಿಡಿದದ್ದೂ ಇದೆ. ‘ಬೆರಳು ನೋಡಿದ್ದರೆ ಮುಗಿಯುತ್ತಿತ್ತಲ್ಲ ಸರ್’ ಎಂದಳು ಒಬ್ಬಳು. ಅಲ್ಲಿ ಬೆರಳಿಗೆ ಶಾಯಿ ಹಚ್ಚುವುದಿಲ್ಲ ಎಂದಾಗ ಇಡೀ ತರಗತಿಗೆ ಅಚ್ಚರಿ. 1962ರಿಂದ ಮೈಸೂರಿನ ಶಾಯಿ ಹಚ್ಚಿಸಿಕೊಳ್ಳುವ ನಾಡಿನ ಮಕ್ಕಳಿಗೆ ಗುರುತೇ ಇಲ್ಲದ ಮತದಾನ ಅರಗುವುದಿಲ್ಲ. ಅಂದು ಗಂಟೆ ಹೊಡೆದ ಮೇಲೂ ಯಾರೂ ಏಳಲಿಲ್ಲ.

ಐದಕ್ಕೆ ನಾಲ್ಕು ನಕ್ಷತ್ರ. ಕೋಡ್‌ಬುಕ್‌ನ ಬೈಂಡಿಂಗ್ ಬಿಚ್ಚಿಹೋಗಿದೆ, ಜೂನ್‌ಗೆ ಮುಂಚೆ ಕಟ್ಟಿಸಬೇಕು. ಈ ಸಲ 998ರ ಪುಟವನ್ನೂ ಸೇರಿಸಿ.