ಒಂದೇ ಎನ್‌ಎಫ್‌ಎಸ್ ಹಂಚಿಕೆಗೆ ‘ಸಿಸ್’ ಮತ್ತು ಕರ್ಬರೋಸ್ ಎರಡನ್ನೂ ಕೊಡಬೇಡಿ

ಎನ್‌ಎಫ್‌ಎಸ್ ಎಂದರೆ ಜಾಲದ ಮೂಲಕ ಫೋಲ್ಡರ್ ಹಂಚುವ ವಿಧಾನ. ಅದರಲ್ಲಿ ಬಳಕೆದಾರರನ್ನು ಗುರುತಿಸುವ ಎರಡು ಬಗೆಗಳು ‘ಸಿಸ್’ ಮತ್ತು ಕರ್ಬರೋಸ್; ಸಿಸ್ ಕ್ಲೈಂಟ್ ಹೇಳಿದ್ದನ್ನೇ ನಂಬುತ್ತದೆ, ಕರ್ಬರೋಸ್ ಗುರುತಿಗೆ ಪುರಾವೆಯಾಗಿ ಟಿಕೆಟ್ ಕೇಳುತ್ತದೆ. ಲಿನಕ್ಸ್ ಸರ್ವರ್‌ನ ಎಕ್ಸ್‌ಪೋರ್ಟ್ಸ್ ಫೈಲಿನಲ್ಲಿ (ಹಂಚಿಕೆಗಳ ಪಟ್ಟಿ) ‘ಸೆಕ್=ಕೆಆರ್‌ಬಿ5:ಸಿಸ್’ ಎಂದು ಬರೆದು, ಕ್ಲೈಂಟಿನ ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವುದನ್ನು ಜೋಡಿಸಬೇಕು, ಅಂದರೆ ಮೌಂಟ್ ಮಾಡಬೇಕು ಎಂಬ ಪಟ್ಟಿ) ಸೆಕ್ ಆಯ್ಕೆಯನ್ನೇ ಬಿಟ್ಟರೆ ತೊಂದರೆ ಅಂದೇ ಕಾಣುವುದಿಲ್ಲ. ಯಾವ ವಿಧಾನ ಬಳಸಬೇಕೆಂದು ಕ್ಲೈಂಟೂ ಸರ್ವರೂ ತಾವೇ ಮಾತಾಡಿಕೊಳ್ಳುತ್ತವೆ. ಬೂಟ್ ಆಗುವಾಗ ಆರ್‌ಪಿಸಿ-ಜಿಎಸ್‌ಎಸ್‌ಡಿ (ಕ್ಲೈಂಟಿನಲ್ಲಿ ಕರ್ಬರೋಸ್ ನೋಡಿಕೊಳ್ಳುವ ಹಿನ್ನೆಲೆ ಸೇವೆ) ಏಳದಿದ್ದರೆ ಅಥವಾ ಕೀಟ್ಯಾಬ್ (ಕರ್ಬರೋಸ್ ಕೀಗಳಿರುವ ಫೈಲು) ಕೈಗೆ ಸಿಗದಿದ್ದರೆ ಮೌಂಟ್ ಸದ್ದಿಲ್ಲದೆ ಸಿಸ್‌ಗೆ ಇಳಿಯುತ್ತದೆ. ವಾರಗಟ್ಟಲೆ ಎಲ್ಲವೂ ಸರಿಯಾಗಿ ಓಡುತ್ತದೆ. ಮುಂದಿನ ರೀಬೂಟಿನಲ್ಲಿ ಜಿಎಸ್‌ಎಸ್‌ಡಿ ಎದ್ದಿತೋ, ಅದೇ ಮೌಂಟ್ ಕರ್ಬರೋಸ್ ಆಗುತ್ತದೆ. ಟಿಕೆಟ್ ಇಲ್ಲದ ಕ್ರಾನ್ ಕೆಲಸ (ನಿಗದಿತ ಸಮಯಕ್ಕೆ ತಾನೇ ಓಡುವ ಕೆಲಸ) ‘ಪರ್ಮಿಷನ್ ಡಿನೈಡ್’ ಎಂದು ಬಿದ್ದುಹೋಗುತ್ತದೆ. ಆ ಸಂದೇಶ ನೋಡಿ ಫೋಲ್ಡರಿಗೆ 777 (ಎಲ್ಲರಿಗೂ ಎಲ್ಲ ಅನುಮತಿ) ಕೊಡುವವರೇ ಹೆಚ್ಚು. ದಯವಿಟ್ಟು ಕೊಡಬೇಡಿ. ದೋಷ ಫೈಲಿನ ಅನುಮತಿಯಲ್ಲಿಲ್ಲ.

ಮೊದಲು ಕ್ಲೈಂಟಿನಲ್ಲಿ ‘ಎನ್‌ಎಫ್‌ಎಸ್‌ಸ್ಟ್ಯಾಟ್ -ಎಂ’ ಓಡಿಸಿ. ಸೆಕ್ ಎದುರು ಏನಿದೆಯೋ ಅದೇ ನಿಜ, ಎಫ್‌ಎಸ್‌ಟ್ಯಾಬ್‌ನಲ್ಲಿ ಬರೆದದ್ದಲ್ಲ. ಸರ್ವರಿನಲ್ಲಿ ‘ಎಕ್ಸ್‌ಪೋರ್ಟ್‌ಎಫ್‌ಎಸ್ -ವಿ’ ನೋಡಿ ಹೋಲಿಸಿ.

ರೂಟ್, ಅಂದರೆ ಎಲ್ಲ ಅಧಿಕಾರವಿರುವ ಬಳಕೆದಾರನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಸಿಸ್‌ನಲ್ಲಿ ‘ನೋ ರೂಟ್ ಸ್ಕ್ವಾಶ್’ (ರೂಟ್‌ನ ಅಧಿಕಾರ ಕಡಿತಗೊಳಿಸದ ಆಯ್ಕೆ) ಇದ್ದರೆ ಕ್ಲೈಂಟಿನ ರೂಟ್ ಸರ್ವರಿನಲ್ಲೂ ರೂಟೇ. ಕರ್ಬರೋಸ್‌ನಲ್ಲಿ ಜಿಎಸ್‌ಎಸ್‌ಡಿ ರೂಟ್ ಪರವಾಗಿ ಕೀಟ್ಯಾಬ್‌ನಲ್ಲಿರುವ ಯಂತ್ರದ ಗುರುತನ್ನು ಕಳುಹಿಸುತ್ತದೆ, ಸರ್ವರ್ ಅದನ್ನು ಸಾಮಾನ್ಯವಾಗಿ ‘ನೋಬಡಿ’ (ವಿಶೇಷ ಹಕ್ಕುಗಳಿಲ್ಲದ ಬಳಕೆದಾರ) ಎಂದು ಎಣಿಸುತ್ತದೆ. ಹಾಗಾಗಿ ರೂಟ್ ಹೆಸರಲ್ಲಿ ಓಡುವ ಬ್ಯಾಕಪ್ ಮೊದಲು ಸಾಯುತ್ತದೆ.

ಮಾಲೀಕರ ಹೆಸರು ಕೆಡುವುದೂ ಇದೇ ಬೆರಕೆಯಿಂದ. ಎನ್‌ಎಫ್‌ಎಸ್ ಆವೃತ್ತಿ 4ರಲ್ಲಿ ಸಿಸ್ ಇದ್ದಾಗ ಲಿನಕ್ಸ್ ಕ್ಲೈಂಟ್ ಬರೀ ಯುಐಡಿ (ಬಳಕೆದಾರನ ಸಂಖ್ಯೆ) ಅಂಕಿಗಳನ್ನೇ ಕಳುಹಿಸುತ್ತದೆ. ಹೆಸರುಗಳನ್ನು ಯುಐಡಿಗಳಿಗೆ ಹೊಂದಿಸುವ ಐಡಿಮ್ಯಾಪ್‌ನ ಡೊಮೇನ್ ತಪ್ಪಿದ್ದರೂ ಗೊತ್ತಾಗುವುದಿಲ್ಲ. ಕರ್ಬರೋಸ್‌ಗೆ ಬಂದ ಕೂಡಲೇ ಹೆಸರುಗಳು ಓಡಾಡತೊಡಗುತ್ತವೆ, ಡೊಮೇನ್ ಹೊಂದದಿದ್ದರೆ ಎಲ್ಲ ಫೈಲುಗಳೂ ನೋಬಡಿ, ಅಂದರೆ 65534. ಎರಡೂ ಕಡೆ ಐಡಿಮ್ಯಾಪ್‌ಡಿ ಕಾನ್ಫ್ ಫೈಲಿನಲ್ಲಿ ಒಂದೇ ಡೊಮೇನ್ ಬರೆದು, ಕ್ಲೈಂಟಿನಲ್ಲಿ ‘ಎನ್‌ಎಫ್‌ಎಸ್‌ಐಡಿಮ್ಯಾಪ್ -ಸಿ’ ಓಡಿಸಿ ಹಳೆಯ ನೆನಪನ್ನು ಅಳಿಸಿ.

ಕೀಟ್ಯಾಬ್ ಬಗ್ಗೆ ಒಂದು ಕಟ್ಟೆಚ್ಚರ: ಕರ್ಬರೋಸ್ ಆಡಳಿತದ ಸಾಧನವಾದ ಕೆಅಡ್ಮಿನ್‌ನ ‘ಕೆಟಿಆಡ್’ ಸಾಮಾನ್ಯವಾಗಿ ಪ್ರತಿ ಸಲವೂ ಹೊಸ ಕೀ ಹುಟ್ಟಿಸಿ ಆವೃತ್ತಿ ಸಂಖ್ಯೆ ಏರಿಸುತ್ತದೆ. ಪರೀಕ್ಷೆಗೆಂದು ಇನ್ನೊಂದು ಪ್ರತಿ ತೆಗೆದರೆ ಸರ್ವರಿನಲ್ಲಿದ್ದ ಕೀಟ್ಯಾಬ್ ನಿರುಪಯೋಗಿ. ‘ಕೆಲಿಸ್ಟ್ -ಕೆಇ’ ತೋರಿಸುವ ಸಂಖ್ಯೆಯನ್ನು ‘ಕೆವಿಎನ್‌ಒ’ ಉತ್ತರದೊಂದಿಗೆ ತಾಳೆ ನೋಡಿ. ಗಡಿಯಾರಗಳ ಅಂತರ 5 ನಿಮಿಷ ದಾಟಿರಬಾರದು. ಐಪಿ ವಿಳಾಸದಿಂದ ಮೌಂಟ್ ಮಾಡಬೇಡಿ, ಪ್ರಿನ್ಸಿಪಲ್ (ಕರ್ಬರೋಸ್‌ನಲ್ಲಿ ನೋಂದಾಯಿಸಿದ ಗುರುತು) ಇರುವುದು ಯಂತ್ರದ ಪೂರ್ಣ ಹೆಸರಿಗೆ.

ಇಷ್ಟೆಲ್ಲ ಸರಿಪಡಿಸಿದರೂ ಬೆರಕೆಯನ್ನು ಉಳಿಸಿಕೊಳ್ಳಬೇಡಿ. ಸಿಸ್ ಎಂಬುದು ಕ್ಲೈಂಟ್ ಹೇಳಿದ ಯುಐಡಿಯನ್ನು ನಂಬುವುದಷ್ಟೆ. ಪಟ್ಟಿಯಲ್ಲಿ ಅದಿದ್ದರೆ, ಅನುಮತಿ ಪಡೆದ ಯಾವುದೇ ಯಂತ್ರದ ರೂಟ್ ‘ಸೆಕ್=ಸಿಸ್’ ಎಂದು ಮೌಂಟ್ ಮಾಡಿ ಬೇಕಾದವರ ವೇಷ ಹಾಕಬಹುದು. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ.

ಎಲ್ಲರಿಗೂ ‘ಸೆಕ್=ಕೆಆರ್‌ಬಿ5ಪಿ’ (ದತ್ತಾಂಶವನ್ನೂ ಗೂಢಲಿಪಿಗೆ ತಿರುಗಿಸುವ ಕರ್ಬರೋಸ್) ಮಾತ್ರ ಕೊಡಿ, ಕ್ಲೈಂಟಿನಲ್ಲೂ ಅದನ್ನೇ ಬರೆಯಿರಿ. ಆಗ ಕೀಟ್ಯಾಬ್ ಕೆಟ್ಟರೆ ಮೌಂಟ್ ಎದುರಿಗೇ ವಿಫಲವಾಗುತ್ತದೆ, ಅದು ಒಳ್ಳೆಯದೇ. ಕ್ರಾನ್ ಕೆಲಸಗಳಿಗೆ ಸ್ವಂತ ಪ್ರಿನ್ಸಿಪಲ್ ಮಾಡಿ, ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ‘ಕೆಇನಿಟ್ -ಕೆ -ಟಿ’ ಹಾಕಿ. ಟಿಕೆಟ್ ಜಿಎಸ್‌ಎಸ್‌ಡಿ ಹುಡುಕುವ ಜಾಗದಲ್ಲೇ ಇರಲಿ. ಸಿಸ್ ಬಿಡಲಾಗದ ಒಂದು ಯಂತ್ರವಿದ್ದರೆ ಅದರ ಹೆಸರಿಗೆ ಮಾತ್ರ, ಓದಲು ಮಾತ್ರ, ಪ್ರತ್ಯೇಕವಾಗಿ ನಮೂದಿಸಿ. ಬದಲಾವಣೆಯ ನಂತರ ರೀಮೌಂಟ್ ಆಯ್ಕೆ ಸಾಲದು, ಅದರಿಂದ ಸೆಕ್ ಬದಲಾಗುವುದಿಲ್ಲ. ಪೂರ್ತಿ ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಿ, ‘ಎನ್‌ಎಫ್‌ಎಸ್‌ಸ್ಟ್ಯಾಟ್ -ಎಂ’ ಇನ್ನೊಮ್ಮೆ ನೋಡಿ.