ಮನೆಬಳಕೆಯ ಅಲ್ಟ್ರಾಸಾನಿಕ್ ಒಡವೆ ಕ್ಲೀನರ್: ವಜ್ರಕ್ಕೆ ಒಳ್ಳೆಯದು, ಮುತ್ತು ಪಚ್ಚೆಗೆ ಅಪಾಯ

ದಿನವೂ ಬೆರಳಲ್ಲಿರುವ ವಜ್ರದುಂಗುರ ಕೆಲವೇ ವಾರಗಳಲ್ಲಿ ಮಂಕಾಗುತ್ತದೆ. ಹರಳೇನೂ ಸವೆದಿರುವುದಿಲ್ಲ, ಅದರ ಹಿಂಬದಿಗೆ ಜಿಡ್ಡು ಕೂತಿರುತ್ತದೆ. ವಜ್ರದ ಮೇಲೆ ನೀರು ನಿಲ್ಲುವುದಿಲ್ಲ, ಎಣ್ಣೆಪಸೆ ಮಾತ್ರ ಬಿಡದೆ ಅಂಟುತ್ತದೆ. ಗಣಿಗಳಲ್ಲಿ ಗ್ರೀಸ್ ಬಳಿದ ಹಲಗೆಯ ಮೇಲೆ ಪುಡಿಗಲ್ಲನ್ನು ನೀರಿನ ಜೊತೆ ಹರಿಸಿ ವಜ್ರವನ್ನು ಬೇರೆ ಮಾಡುತ್ತಿದ್ದದ್ದು ಈ ಗುಣವನ್ನೇ ನಂಬಿ. ಕೈಗೆ ಹಚ್ಚುವ ಕ್ರೀಮು, ಸೋಪಿನ ಪದರ, ಚರ್ಮದ ಎಣ್ಣೆ ಎಲ್ಲವೂ ಹರಳಿನ ತಳಕ್ಕೆ ಮೆತ್ತಿಕೊಂಡಾಗ, ಒಳಹೊಕ್ಕ ಬೆಳಕು ಕಣ್ಣಿಗೆ ಮರಳದೆ ಅಲ್ಲೇ ಸೋರಿಹೋಗುತ್ತದೆ. ಬ್ರಷ್ಷಿನ ಎಳೆ ನುಗ್ಗದ ಆ ಜಾಗವನ್ನು ಅಲ್ಟ್ರಾಸಾನಿಕ್ ಯಂತ್ರ ನಿಜವಾಗಿಯೂ ಶುಚಿ ಮಾಡುತ್ತದೆ. ಆದರೆ ಹೊರಗಿನ ಜಿಡ್ಡು ಯಾವುದು, ಹರಳಿನ ಸೀಳಿನೊಳಗೆ ಬೇಕೆಂದೇ ತುಂಬಿಸಿದ ಎಣ್ಣೆ ಯಾವುದು ಎಂಬ ಭೇದ ಅದಕ್ಕಿಲ್ಲ. ಹಾಗಾಗಿ ಯಂತ್ರ ಎಷ್ಟು ಚೆನ್ನಾಗಿದೆ ಎನ್ನುವುದಕ್ಕಿಂತ ಅದರೊಳಗೆ ಏನನ್ನು ಹಾಕುತ್ತೀರಿ ಎನ್ನುವುದೇ ಮುಖ್ಯ.

ಕೆಲಸ ನಡೆಯುವ ಬಗೆ ಸರಳ. ಸ್ಟೀಲ್ ತೊಟ್ಟಿಯ ತಳಕ್ಕೆ ಅಂಟಿಸಿರುವ, ವಿದ್ಯುತ್ತನ್ನು ಕಂಪನವಾಗಿಸುವ ಟ್ರಾನ್ಸ್‌ಡ್ಯೂಸರ್ ಸೆಕೆಂಡಿಗೆ ಸುಮಾರು 40,000 ಸಲ ಕಂಪಿಸುತ್ತದೆ. ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು ಹುಟ್ಟಿ ತಕ್ಷಣವೇ ಒಳಕ್ಕೆ ಕುಸಿಯುತ್ತವೆ. ಪ್ರತಿ ಕುಸಿತವೂ ಒಂದು ಪುಟ್ಟ ಪೆಟ್ಟು; ಕೊಳೆ ಕಿತ್ತುಬರುವುದು ಅದರಿಂದ. ಸೆಕೆಂಡಿಗೆ ಆಗುವ ಕಂಪನಗಳ ಸಂಖ್ಯೆ ಕಡಿಮೆಯಿದ್ದಷ್ಟೂ ಗುಳ್ಳೆ ದೊಡ್ಡದು, ಪೆಟ್ಟೂ ಒರಟು. ಒಡವೆಗೆ 40ರಿಂದ 45 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 40ರಿಂದ 45 ಸಾವಿರ ಕಂಪನ, ಹಿತ. ಪೆಟ್ಟಿಗೆಯ ಮೇಲೆ ಈ ಅಂಕಿಯೇ ಇಲ್ಲದೆ ಬರೀ ‘ಸೋನಿಕ್’ ಎಂದಿದ್ದರೆ ಕೊಳ್ಳಬೇಡಿ. ಅಂಥವುಗಳಲ್ಲಿ ಹೆಚ್ಚಿನವು ಪುಟ್ಟ ಮೋಟಾರಿನಿಂದ ನೀರನ್ನು ಅಲುಗಾಡಿಸುತ್ತವೆ, ಅಷ್ಟೆ.

ಕೊಂಡ ದಿನವೇ ಒಂದು ಪರೀಕ್ಷೆ ಮಾಡಿ. ಅಡುಗೆಮನೆಯ ತೆಳು ಅಲ್ಯೂಮಿನಿಯಂ ಹಾಳೆಯಿಂದ ಬೆರಳಗಲದ ಪಟ್ಟಿ ಕತ್ತರಿಸಿ, ತಳ ಮುಟ್ಟದಂತೆ ನೀರಿನಲ್ಲಿ ಇಳಿಬಿಟ್ಟು ಒಂದೆರಡು ನಿಮಿಷ ಯಂತ್ರ ಓಡಿಸಿ. ಅಸಲಿ ಅಲ್ಟ್ರಾಸಾನಿಕ್ ಆದರೆ ಹಾಳೆಯ ತುಂಬ ಸೂಜಿಮೊನೆಯಂಥ ಗುಳಿಗಳು ಬೀಳುತ್ತವೆ, ಕೆಲವು ಕಡೆ ತೂತೇ ಆಗುತ್ತದೆ. ಹಾಳೆ ನುಣುಪಾಗಿಯೇ ಉಳಿದರೆ ಯಂತ್ರವನ್ನು ವಾಪಸು ಕಳಿಸಿ. ಗುಳಿಗಳು ಒಂದೇ ಮೂಲೆಯಲ್ಲಿದ್ದರೆ ಕಂಪನ ಸಮನಾಗಿ ಹರಡುತ್ತಿಲ್ಲ ಎಂದರ್ಥ. ಒಡವೆಯನ್ನು ಆ ಮೂಲೆಯ ನೇರಕ್ಕೆ ಹಿಡಿಯಬೇಕಾಗುತ್ತದೆ.

ಉಂಗುರ, ಓಲೆ, ಪೆಂಡೆಂಟಿಗೆ ಅರ್ಧ ಲೀಟರಿನ ತೊಟ್ಟಿ ಧಾರಾಳ. ಹೀಟರ್ ಇಲ್ಲದಿದ್ದರೂ ನಡೆಯುತ್ತದೆ, ಉಗುರುಬೆಚ್ಚಗಿನ ನೀರು ಸುರಿದರಾಯಿತು. ಟೈಮರ್ ಮಾತ್ರ ಬೇಕೇ ಬೇಕು. ಹಿಡಿಯುವ ಬುಟ್ಟಿ ಪ್ಲಾಸ್ಟಿಕ್ಕಿನದಾದರೆ ಕಂಪನದ ಒಂದು ಪಾಲನ್ನು ಅದೇ ನುಂಗುತ್ತದೆ, ಸ್ಟೀಲ್ ತಂತಿಯ ಜಾಲರಿ ವಾಸಿ. ವಿದ್ಯುತ್ ತಂತಿ ಬಿಚ್ಚಿ ತೆಗೆಯುವಂತಿದ್ದರೆ ನೀರು ಚೆಲ್ಲುವಾಗ ಅನುಕೂಲ, ಅಪಾಯವೂ ಕಡಿಮೆ.

ಇನ್ನು ಯಾವುದನ್ನು ಹಾಕಬಾರದು ಎಂಬ ವಿಷಯ. ಯಂತ್ರದ ಜೊತೆ ಬರುವ ಕೈಪಿಡಿಗಳು ಇದನ್ನು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ಅದು ದೊಡ್ಡ ತಪ್ಪು. ಮುತ್ತಿನ ಹೊಳಪೆಂದರೆ ಕ್ಯಾಲ್ಸಿಯಂ ಕಾರ್ಬೊನೇಟಿನ ತೆಳುಪದರಗಳನ್ನು ಪ್ರೋಟೀನು ಅಂಟಿಸಿ ಹಿಡಿದಿರುವ ರಚನೆ. ಕಂಪನಕ್ಕೆ ಆ ಪದರ ಸಿಪ್ಪೆಯೇಳುತ್ತದೆ, ಪೋಣಿಸಿದ ದಾರವೂ ಸಡಿಲಾಗುತ್ತದೆ. ಹೋದ ಹೊಳಪನ್ನು ಯಾವ ಅಕ್ಕಸಾಲಿಗನೂ ಮರಳಿ ತರಲಾರ. ಹವಳ, ಅಂಬರ್, ವೈಢೂರ್ಯವೆಂದು ಮಾರುವ ಮೆತ್ತನೆಯ ಕಲ್ಲುಗಳು, ಟರ್ಕ್ವಾಯ್ಸ್, ಮ್ಯಾಲಕೈಟ್ ಇವೂ ಹೊರಗೇ ಇರಲಿ. ಓಪಲ್ ತನ್ನೊಳಗೆ ನೀರನ್ನು ಹಿಡಿದಿಟ್ಟುಕೊಂಡಿರುವ ಕಲ್ಲು, ಬಿಸಿ ಮತ್ತು ಕಂಪನ ಎರಡಕ್ಕೂ ಬಿರುಕು ಬಿಡುತ್ತದೆ. ಟಾಂಜನೈಟ್ ಮತ್ತು ಟೋಪಾಜ್ ಒಂದು ನಿರ್ದಿಷ್ಟ ದಿಕ್ಕಿನಲ್ಲಿ ಸುಲಭವಾಗಿ ಸೀಳುತ್ತವೆ.

ಅತಿ ಹೆಚ್ಚು ಮೋಸ ಹೋಗುವುದು ಪಚ್ಚೆಯಲ್ಲಿ. ಗಟ್ಟಿತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ (Mohs) ಮಾಪನದಲ್ಲಿ ಅದು 7.5ರಿಂದ 8, ಹಾಗಾಗಿ ಗಟ್ಟಿ ಕಲ್ಲೆಂಬ ಧೈರ್ಯ ಬರುತ್ತದೆ. ಆದರೆ ಗಟ್ಟಿತನ ಹೇಳುವುದು ಗೀರು ಬೀಳುತ್ತದೆಯೋ ಇಲ್ಲವೋ ಎಂಬುದನ್ನಷ್ಟೆ, ಒಡೆಯುವುದಿಲ್ಲ ಎಂದಲ್ಲ. ಬಹುಪಾಲು ಪಚ್ಚೆಗಳಲ್ಲಿ ಹುಟ್ಟಿನಿಂದಲೇ ಸೀಳುಗಳಿರುತ್ತವೆ. ಅವು ಕಾಣದಿರಲೆಂದು ಎಣ್ಣೆ ಅಥವಾ ರೆಸಿನ್ ತುಂಬಿಸಿರುತ್ತಾರೆ. ಯಂತ್ರ ಆ ಎಣ್ಣೆಯನ್ನು ಹೊರಗೆಳೆದರೆ ತಿಳಿಹಸಿರು ಕಲ್ಲಿನಲ್ಲಿ ಬಿಳಿ ಗೆರೆಗಳು ಎದ್ದು ಕಾಣುತ್ತವೆ. ಸೀಸದ ಗಾಜು ತುಂಬಿದ ಮಾಣಿಕ್ಯದ ಪಾಡೂ ಇಂಥದ್ದೇ, ಅದರ ಗಾಜನ್ನು ನಿಂಬೆರಸ ಕೂಡ ಕೊರೆಯುತ್ತದೆ. ಸೀಳು ತುಂಬಿದ ವಜ್ರಗಳೂ ಉಂಟು. ಕಲ್ಲನ್ನು ನಿಧಾನವಾಗಿ ಓರೆ ಮಾಡುತ್ತ ಲೂಪಿನಲ್ಲಿ, ಅಂದರೆ ಅಕ್ಕಸಾಲಿಗರು ಬಳಸುವ ಪುಟ್ಟ ಭೂತಗನ್ನಡಿಯಲ್ಲಿ, ನೋಡಿದಾಗ ಒಳಗೊಂದು ಕಡೆ ನೀಲಿ ಇಲ್ಲವೆ ಕಿತ್ತಳೆ ಬಣ್ಣದ ಮಿಂಚು ಹಾದುಹೋದರೆ ಅನುಮಾನಿಸಿ. ರತ್ನಗಳನ್ನು ಪರೀಕ್ಷಿಸಿ ದರ್ಜೆ ಹೇಳುವ ಜಿಐಎ ಸಂಸ್ಥೆ ಇಂಥ ವಜ್ರಕ್ಕೆ ದರ್ಜೆಯ ಪ್ರಮಾಣಪತ್ರವನ್ನೇ ಕೊಡುವುದಿಲ್ಲ. ಬಣ್ಣದ ಹರಳಿನ ಪ್ರಮಾಣಪತ್ರವಿದ್ದರೆ ‘ಟ್ರೀಟ್‌ಮೆಂಟ್’ ಎಂಬ ಸಾಲನ್ನು ಓದಿ. ಕಾಗದವಿಲ್ಲದ ಬಣ್ಣದ ಹರಳನ್ನು ಯಂತ್ರಕ್ಕೆ ಹಾಕದಿರುವುದೇ ಕ್ಷೇಮ.

ಕಲ್ಲು ಸರಿಯಿದ್ದರೂ ಕಟ್ಟು ಸರಿಯಿರಬೇಕು. ಒಳಗೆ ಅರಗು ತುಂಬಿದ ಒಡವೆ, ಅಂಟಿನಿಂದ ಕೂರಿಸಿದ ಹರಳು, ಎನಾಮಲ್ ಕೆಲಸ, ಕೈಗಡಿಯಾರ, ಇವು ಯಾವುವೂ ಬೇಡ. ಟೊಳ್ಳು ಬಳೆಯಲ್ಲಿ ಸಣ್ಣ ರಂಧ್ರವಿದ್ದರೆ ನೀರು ಒಳಸೇರಿ ವಾರಗಟ್ಟಲೆ ಉಳಿಯುತ್ತದೆ.

ಹಾಗಾದರೆ ಉಳಿದದ್ದೇನು? ಹರಳಿಲ್ಲದ ಗಟ್ಟಿ ಚಿನ್ನ, ಪ್ಲಾಟಿನಂ, ಸೀಳು ತುಂಬದ ವಜ್ರ, ಮಾಣಿಕ್ಯ, ನೀಲ. ಯಂತ್ರ ತನ್ನ ಬೆಲೆಗೆ ತಕ್ಕ ಕೆಲಸ ಮಾಡುವುದು ಇವುಗಳ ಮೇಲೆಯೇ.

ಮುಳುಗಿಸುವ ಮುನ್ನ 10 ಪಟ್ಟು ಹಿಗ್ಗಿಸುವ ಲೂಪಿನಲ್ಲಿ ಹರಳನ್ನು ಬಿಗಿಹಿಡಿದ ಸಣ್ಣ ಕಾಲುಗಳನ್ನು, ಅಂದರೆ ಪ್ರಾಂಗ್‌ಗಳನ್ನು, ನೋಡಿ. ತುದಿ ಚಪ್ಪಟೆಯಾಗಿ ಸವೆದಿದೆಯೇ, ಹರಳಿಗೂ ಕಾಲಿಗೂ ನಡುವೆ ಕೂದಲೆಳೆಯಷ್ಟು ಸಂದಿದೆಯೇ? ಉಂಗುರವನ್ನು ಕಿವಿಯ ಬಳಿ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿ. ಸಣ್ಣದಾಗಿ ಟಿಕ್ ಟಿಕ್ ಎಂದರೆ ಹರಳು ಅಲ್ಲಾಡುತ್ತಿದೆ. ಅದು ಹೋಗಬೇಕಾದದ್ದು ಅಕ್ಕಸಾಲಿಗನ ಬಳಿಗೆ. ಯಂತ್ರದಲ್ಲಿ ಹರಳು ಉದುರಿತು ಎಂದು ದೂರುವ ಬಹಳಷ್ಟು ಪ್ರಕರಣಗಳಲ್ಲಿ ಕಟ್ಟು ಮೊದಲೇ ಸಡಿಲವಾಗಿ, ಜಿಡ್ಡೇ ಅಂಟಿನಂತೆ ಹರಳನ್ನು ಹಿಡಿದಿರುತ್ತದೆ. ಪುಟ್ಟ ಹರಳುಗಳನ್ನು ಒತ್ತೊತ್ತಾಗಿ ಕೂರಿಸಿದ ಪಾವೆ ಕೆಲಸದಲ್ಲಿ ಈ ಭಯ ಹೆಚ್ಚು.

ತೊಳೆಯುವ ಕ್ರಮ ಹೀಗೆ: ತೊಟ್ಟಿಯ ಗುರುತಿನವರೆಗೆ ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು, ಅದಕ್ಕೆ ಪಾತ್ರೆ ತೊಳೆಯುವ ಸೌಮ್ಯ ದ್ರವಸೋಪು ಮೂರ್ನಾಲ್ಕು ಹನಿ. ಹೆಚ್ಚು ಹಾಕಿದರೆ ನೊರೆಯೇ ಹೊರತು ಲಾಭವಿಲ್ಲ. ಒಡವೆ ಹಾಕದೆ ಐದು ನಿಮಿಷ ಓಡಿಸಿ. ಹೊಸ ನೀರಿನಲ್ಲಿ ಕರಗಿರುವ ಗಾಳಿ ಹೊರಹೋದ ಮೇಲೆಯೇ ಗುಳ್ಳೆಗಳ ಪೆಟ್ಟಿಗೆ ಬಲ ಬರುವುದು. ಆಮೇಲೆ ಒಂದು ಸಲಕ್ಕೆ ಒಂದೇ ಒಡವೆ, ತಳ ಮುಟ್ಟದಂತೆ. ಎರಡು ಉಂಗುರ ಒಟ್ಟಿಗೆ ಹಾಕಿದರೆ ಒಂದರ ವಜ್ರ ಇನ್ನೊಂದರ ಚಿನ್ನವನ್ನು ಗೀರುತ್ತದೆ. ಮೂರು ನಿಮಿಷ ಸಾಕು. ಜಿಡ್ಡು ಹಳೆಯದಾದರೆ ಮೊದಲೇ ಕಾಲು ಗಂಟೆ ಸೋಪುನೀರಿನಲ್ಲಿ ನೆನೆಸಿ, ಅವಧಿ ಹೆಚ್ಚಿಸಬೇಡಿ. ಹೊರತೆಗೆದು ಮೆತ್ತನೆಯ ಬ್ರಷ್ಷಿನಿಂದ ಹಿಂಬದಿಯನ್ನು ಒಮ್ಮೆ ಸವರಿ, ಬಟ್ಟಲಿನ ಶುದ್ಧ ನೀರಿನಲ್ಲಿ ಅದ್ದಿ, ನೂಲು ಬಿಡದ ಬಟ್ಟೆಯಲ್ಲಿ ಒತ್ತಿ ಒರೆಸಿ. ನಲ್ಲಿಯ ಕೆಳಗೆ ತೊಳೆಯುವ ಅಭ್ಯಾಸ ಬಿಡಿ. ಯಂತ್ರ ಓಡುತ್ತಿರುವಾಗ ನೀರಿಗೆ ಬೆರಳು ಹಾಕಬೇಡಿ. ನಮಗೆ ಕೇಳದ ಆ ಸದ್ದು ನಾಯಿ ಬೆಕ್ಕುಗಳಿಗೆ ಕೇಳಿಸುತ್ತದೆ, ಅವು ಬೇರೆ ಕೋಣೆಯಲ್ಲಿರಲಿ.

ನೀರಿಗೆ ಬ್ಲೀಚ್ ಬೆರೆಸುವುದು ಘೋರ ತಪ್ಪು. ಕ್ಲೋರಿನ್ ಚಿನ್ನದ ಜೊತೆಗಿರುವ ಮಿಶ್ರಲೋಹವನ್ನು ತಿಂದು, ಬೆಸುಗೆಯ ಜಾಗ ಮತ್ತು ಪ್ರಾಂಗ್‌ಗಳಲ್ಲಿ ಬಿರುಕು ತರುತ್ತದೆ. 14 ಮತ್ತು 18 ಕ್ಯಾರಟ್‌ನಲ್ಲಿ ಬೇರೆ ಲೋಹ ಹೆಚ್ಚಿರುವುದರಿಂದ ಹಾನಿಯೂ ಹೆಚ್ಚು. ಸ್ಪಿರಿಟ್, ಪೆಟ್ರೋಲ್‌ನಂಥ ಹತ್ತಿಕೊಳ್ಳುವ ದ್ರವ ಸುರಿದರೆ ಬೆಂಕಿಯ ಅಪಾಯ.

ಬೆಳ್ಳಿ ತೊಳೆಯಲೆಂದು ಯಂತ್ರ ಕೊಂಡು ನಿರಾಶರಾಗುವವರು ಬಹಳ. ಬೆಳ್ಳಿಯ ಕಪ್ಪು ಕೊಳೆಯಲ್ಲ, ಗಾಳಿಯ ಗಂಧಕದೊಡನೆ ಸೇರಿ ಆದ ಸಿಲ್ವರ್ ಸಲ್ಫೈಡ್. ಕಂಪನದಿಂದ ಅದು ಹೋಗುವುದಿಲ್ಲ; ಪಾಲಿಶ್ ಬಟ್ಟೆಯೇ ಬೇಕು. ಬಿಳಿ ಚಿನ್ನದ ಮೇಲಿನ ರೋಡಿಯಂ ಲೇಪ ಗಟ್ಟಿಯಾಗಿದ್ದರೆ ಯಂತ್ರ ಅದನ್ನೇನೂ ಮಾಡದು. ಸವೆದು ಹಳದಿ ಇಣುಕುತ್ತಿದ್ದರೆ ತೊಳೆದು ಫಲವಿಲ್ಲ, ಮತ್ತೆ ಲೇಪ ಹಾಕಿಸಬೇಕು.

ಯಂತ್ರ ಬೇಗ ಕೆಡುವುದಕ್ಕೆ ಕಾರಣಗಳು ಹೆಚ್ಚಿಲ್ಲ. ನೀರಿಲ್ಲದೆ ಓಡಿಸಿದರೆ ಟ್ರಾನ್ಸ್‌ಡ್ಯೂಸರ್ ಸುಡುತ್ತದೆ, ಕುದಿನೀರು ಸುರಿದರೆ ಅದನ್ನು ಹಿಡಿದಿರುವ ಅಂಟು ಬಿಡುತ್ತದೆ. ಬಿಡುವು ಕೊಡದೆ ಮತ್ತೆ ಮತ್ತೆ ಓಡಿಸಿದರೆ ಒಳಗಿನ ಸರ್ಕ್ಯೂಟ್ ಬೋರ್ಡ್ ಬಿಸಿಯಾಗುತ್ತದೆ. ನೀರನ್ನು ಬಟನ್ನುಗಳಿರುವ ಕಡೆಯಿಂದ ಚೆಲ್ಲಬೇಡಿ, ಎದುರು ಬದಿಯಿಂದ ಚೆಲ್ಲಿ. ಆರು ತಿಂಗಳಿಗೊಮ್ಮೆ ಅಲ್ಯೂಮಿನಿಯಂ ಹಾಳೆಯ ಪರೀಕ್ಷೆ ಮಾಡಿದರೆ ಬಲ ಕುಗ್ಗಿದ್ದು ತಿಳಿಯುತ್ತದೆ.

ದಿನಬಳಕೆಯ ಎರಡು ಮೂರು ವಜ್ರದ ಒಡವೆಗಳಿದ್ದವರಿಗೆ ಇದನ್ನು ಧೈರ್ಯವಾಗಿ ಶಿಫಾರಸು ಮಾಡಬಹುದು. ಎರಡು ಮೂರು ವಾರಕ್ಕೊಮ್ಮೆ ತೊಳೆದರೆ ಹರಳು ಹೊಸದರಂತಿರುತ್ತದೆ. ಮುತ್ತು, ಹವಳ, ಪಚ್ಚೆಯೇ ಹೆಚ್ಚಿದ್ದರೆ ಕೊಳ್ಳಬೇಡಿ. ಪಚ್ಚೆಗೆ ಉಗುರುಬೆಚ್ಚಗಿನ ಸೋಪುನೀರು ಮತ್ತು ಮೆತ್ತನೆಯ ಬ್ರಷ್ ಸಾಕು, ಮುತ್ತಿಗೆ ತುಸು ಒದ್ದೆ ಮಾಡಿದ ಬಟ್ಟೆ ಸಾಕು.

ಪ್ರತಿ ಸಲವೂ ತೊಟ್ಟಿಯ ನೀರನ್ನು ಚಹಾ ಸೋಸುವ ಜರಡಿಯ ಮೂಲಕವೇ ಚೆಲ್ಲಿ. ಉದುರಿದ ಹರಳು ಜರಡಿಯಲ್ಲಿ ಸಿಕ್ಕಿದರೆ ಸೂಪರ್‌ಗ್ಲೂ ಹಾಕಿ ಅಂಟಿಸಬೇಡಿ, ಅದರ ಆವಿ ಹರಳಿನ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ, ಮತ್ತು ಹರಳು ಕೂರಿಸುವವರು ಮೊದಲು ಆ ಅಂಟನ್ನೆಲ್ಲ ಕರಗಿಸಬೇಕಾಗುತ್ತದೆ. ಮಡಚಿದ ಕಾಗದದಲ್ಲಿ ಹರಳನ್ನಿಟ್ಟು, ಒಡವೆಯ ಜೊತೆಗೇ ಕೊಂಡೊಯ್ಯಿರಿ.